ಅನಂತಮತಿಯ ಕಂಚು

ನಮ್ಮೂರಿಗೆ ಕಂಚು ಕೊಳ್ಳಲು ಬರುತ್ತಿದ್ದವರಲ್ಲಿ ಧರಣೇಂದ್ರಯ್ಯನವರಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದವರು ಅವರನ್ನು ಕಲ್ಲೆದೆಯವರು ಅಂದುಕೊಂಡುಬಿಡುತ್ತಾರೆ. ಅವರು ಹಾಗಿರಲಿಲ್ಲ. ಹೊಳೆಯಾಚೆಯ ಬಯಲಿನಲ್ಲಿ ಅವರದೊಂದು ಎಣ್ಣೆ ಗಿರಣಿ ಇತ್ತು, ದೊಡ್ಡ ಮನೆ ಇತ್ತು, ಆ ಮನೆಯ ನಡುಕೋಣೆಯ ತುಂಬ ನಮ್ಮೂರ ಕಂಚಿನ ವಿಗ್ರಹಗಳಿದ್ದವು. ವರ್ಷಕ್ಕೊಮ್ಮೆ ಹೊಳೆ ಇಳಿದು ದೋಣಿ ಓಡಾಡಲು ಶುರುವಾದ ಮೇಲೆ ಕೊಳ್ಳುವವರೆಲ್ಲ ಬರುತ್ತಾರಲ್ಲ, ಆಗ ಅವರೂ ಬಂದು ನನ್ನ ಮನೆಯಲ್ಲೇ ಇಳಿಯುತ್ತಿದ್ದರು. ಎರಕದ ಬೀದಿಯಲ್ಲಿ ಊಟ ವಸತಿ ಸಿಗುವುದು ನನ್ನ ಮನೆಯೊಂದರಲ್ಲೇ. ಹೊತ್ತು ಮುಳುಗುವ ಮುಂಚೆ ಊಟಕ್ಕಿಟ್ಟುಬಿಡಿ ಭಾಗೀರಥಕ್ಕ ಎಂದು ಕೇಳುವುದು ಬಿಟ್ಟರೆ ಅವರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ.

ನಮ್ಮೂರಲ್ಲಿ ಸಾವಾದ ಮನೆಯವರು ದುಃಖ ತಡೆಯಲಾರದೆ ಹೋದರೆ ಎರಕದ ಮನೆಗೆ ಹೋಗಿ ಮೇಣದ ಮುಂದೆ ಕೂರುತ್ತಾರೆ. ಕೂತು, ಸತ್ತವರ ಮುಖ ಹೇಗಿತ್ತೆಂದು ಹೇಳುತ್ತಾರೆ. ಆಚಾರಿ ಮೇಣವನ್ನು ಒತ್ತುತ್ತ, ಕೆರೆಯುತ್ತ ಹೋಗುತ್ತಾನೆ. ಮೂಗು ಇಷ್ಟು ಚೂಪಲ್ಲ, ನಗುವಾಗ ಕೆನ್ನೆ ಇಲ್ಲಿ ಗುಳಿ ಬೀಳುತ್ತಿತ್ತು, ಅಲ್ಲಲ್ಲ ಇನ್ನೂ ಕೆಳಗೆ, ಹೀಗೆ ಹೇಳಿ ಹೇಳಿ ಕಡೆಗೆ ಇದೇ ಎನ್ನುವ ತನಕ ಅದು ನಡೆಯುತ್ತದೆ. ಆಮೇಲೆ ಮೇಣಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ, ಕರಗಿ ಇಳಿದ ಮೇಣದ ಜಾಗಕ್ಕೆ ಕಂಚು ಹುಯ್ಯುತ್ತಾರೆ. ಕಂಚು ಆರಿ ಮಣ್ಣು ಒಡೆಯುವ ಹೊತ್ತಿಗೆ ಕೂತವರ ಮನಸ್ಸಿನಿಂದ ಆ ಮುಖ ಹೊರಟುಹೋಗಿರುತ್ತದೆ. ಹೆಸರು ಉಳಿದಿರುತ್ತದೆ. ಜ್ವರ ಬಂದಾಗ ಪಕ್ಕದಲ್ಲಿ ಕೂತು ಕಾಲು ಒತ್ತಿದ್ದು, ಗಂಜಿಗೆ ಉಪ್ಪು ಜಾಸ್ತಿಯಾಯಿತೆಂದು ಬೈದದ್ದು, ಎಲ್ಲ ಉಳಿದಿರುತ್ತದೆ. ಮುಖದ ಜಾಗದಲ್ಲಿ ಮಾತ್ರ ಏನೂ ಇರುವುದಿಲ್ಲ, ಮುಖವಿಲ್ಲದವರಿಗಾಗಿ ಅಳುವುದೂ ಕಷ್ಟ. ಕೂರಲು ಒಪ್ಪದವರಿಂದಲೂ, ಕಂಚನ್ನು ಮನೆಯಲ್ಲಿಟ್ಟುಕೊಂಡರೆ, ವರ್ಷ ತಿರುಗುವುದರೊಳಗೆ ಅದು ಮುಖವನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ. ಆಮೇಲೆ ಮನೆಯವರೆಲ್ಲ ಎದ್ದು ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಾರೆ.

ನನ್ನ ಅಡುಗೆಮನೆಯಲ್ಲೂ ಒಬ್ಬರು ಇದ್ದಾರೆ. ಮೊಣಕಾಲ ಮೇಲೆ ಕೈಯಿಟ್ಟು ಕೂತ ಗಂಡಸು. ನಾನು ತೊಟ್ಟಿಲು ಬಿಟ್ಟು ಓಡಾಡುವ ವಯಸ್ಸಿನಲ್ಲಿ ತೀರಿಕೊಂಡ ನನ್ನ ಅಪ್ಪ ಎಂದು ಅಮ್ಮ ಹೇಳುತ್ತಿದ್ದಳು. ಆ ಮಾತು ಹೇಳುವಾಗ ಅವಳಿಗೂ ಅಷ್ಟು ಖಾತ್ರಿ ಇದ್ದಂತೆ ಕಾಣುತ್ತಿರಲಿಲ್ಲ. ಅವರ ಬೆರಳಿಗೆ ಹಿಟ್ಟಿನ ಜರಡಿ ತೂಗುಹಾಕುತ್ತೇವೆ. ಹೆಗಲ ಮೇಲೆ ಒದ್ದೆ ಬಟ್ಟೆ ಹರವುತ್ತೇವೆ, ಒಲೆಯ ಕಾವಿಗೆ ಬೇಗ ಒಣಗುತ್ತದೆ.

ಹೊರಗಿನವರಿಗೆ ಈ ಕಂಚುಗಳ ಮೇಲೆ ಯಾಕಷ್ಟು ಆಸೆ ಹುಟ್ಟಿತೋ ನನಗೆ ಪೂರ್ತಿ ತಿಳಿಯದು. ಬೇರೆ ಯಾವ ಊರಿನ ವಿಗ್ರಹದ ಮುಖವೂ ಹೀಗೆ ಮನುಷ್ಯರದಾಗಿರುವುದಿಲ್ಲ ಎನ್ನುತ್ತಿದ್ದರು. ಗುರುತಿಲ್ಲದ ವಿಗ್ರಹವನ್ನು ಎಷ್ಟು ದಿನ ಮೂಲೆಯಲ್ಲಿಟ್ಟುಕೊಂಡಾರು, ನಮ್ಮವರು ಕೊಡಲು ಶುರುಮಾಡಿದರು. ಕೊಳ್ಳುವವರು ಹೆಚ್ಚಿದ ಮೇಲೆ ನಕಲಿಯೂ ಬಂತು. ಸತ್ತವರ ಹೋಲಿಕೆಯಿದ್ದ ದಾರಿಹೋಕರನ್ನು ಕೂರಿಸಿಕೊಂಡು ಅಚ್ಚು ತೆಗೆದು, ಇದು ಇಂಥವರ ಮನೆಯ ಕಂಚು ಎಂದು ಮಾರುವವರು ಹುಟ್ಟಿಕೊಂಡರು. ಅದಕ್ಕೇ ಗುರುತು ಕೇಳುವ ಪದ್ಧತಿ ಬಂದದ್ದು. ಸತ್ತವರ ಹೆತ್ತವರನ್ನೋ ಒಡಹುಟ್ಟಿದವರನ್ನೋ ಎರಕದ ಮನೆಯ ಅಂಗಳಕ್ಕೆ ಕರೆಸಿ, ಕಂಚಿನ ಮೇಲಿನ ಬಟ್ಟೆ ಸರಿಸಿ, ಇದು ಯಾರೆಂದು ಕೇಳುವುದು. ಗೊತ್ತಿಲ್ಲ ಎಂದರೆ ಅಸಲು. ಗುರುತು ಹಿಡಿದರೆ ಕಂಚು ಆ ಮುಖವನ್ನು ತೆಗೆದುಕೊಂಡಿಲ್ಲ ಎಂದಾಯಿತು, ಅಲ್ಲಿಗೆ ಅದು ನಕಲಿ. ನಕಲಿಯೆಂದು ಆದದ್ದನ್ನು ಅಲ್ಲೇ ಕುಲುಮೆಗೆ ಹಾಕಿ ಕರಗಿಸಿಬಿಡುತ್ತಿದ್ದರು. ಆ ನಿಯಮ ಗಟ್ಟಿಯಾಗಿ ನಿಂತದ್ದೇ ಧರಣೇಂದ್ರಯ್ಯನವರಿಂದ. ತಾವು ಮೆಚ್ಚಿ ಆರಿಸಿಕೊಂಡ ಕಂಚನ್ನು ಕರಗಿಸಿದಾಗಲೂ ಅವರು ಮುಖ ತಿರುಗಿಸದೆ ನೋಡುತ್ತಿದ್ದರು.

ಹೊಳೆದಂಡೆಯ ತಿಮ್ಮಕ್ಕನ ಮಗ ಸುಳಿಗೆ ಸಿಕ್ಕಿ ಹೋಗಿದ್ದ. ಅವಳ ಗುರುತು ಕೇಳಿದ ದಿನ ನಾನೂ ಅಂಗಳದಲ್ಲಿದ್ದೆ. ಧರಣೇಂದ್ರಯ್ಯನವರು ಅವಳಿಗೆ ಚಾಪೆ ಹಾಕಿಸಿ, ನೀರು ಕೊಡಿಸಿ, ಆಮೇಲೆ ಬಟ್ಟೆ ಸರಿಸಿದರು. ಕಂಚನ್ನು ಅವರು ನೋಡಲೇ ಇಲ್ಲ, ಅವಳ ಕಣ್ಣನ್ನೇ ನೋಡುತ್ತಿದ್ದರು. ತಿಮ್ಮಕ್ಕ ಬಗ್ಗಿ ನೋಡಿದಳು, ಗದ್ದ ಮುಟ್ಟಿದಳು. ಯಾರ ಮನೆ ಹುಡುಗನೋ, ಒಳ್ಳೇ ಕಳೆಯಿದೆ ಎಂದಳು. ಧರಣೇಂದ್ರಯ್ಯನವರು ಅವಳಿಗೆ ಕೈಮುಗಿದರು. ಊಟದ ಹೊತ್ತಿಗೆ ಅವರ ಮುಖ ಹಬ್ಬದಂತಿತ್ತು. ಇಂಥ ಅಸಲು ಕಂಚು ಸಿಗುವುದು ಅಪರೂಪ ಅಕ್ಕ, ಆ ತಾಯಿಗೆ ಒಂದೆಳೆ ನೋವಿಲ್ಲ ನೋಡಿ, ಎಂದರು. ನೋವಿಲ್ಲದ್ದನ್ನು ಕಂಡು ಅವರಿಗೆ ನಿಜವಾಗಿ ಸಂತೋಷವಾಗಿತ್ತು. ನನಗೂ ಆ ದಿನ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅದಾದ ಎಷ್ಟೋ ವರ್ಷಕ್ಕೆ, ಹೊಳೆ ಇನ್ನೂ ಪೂರ್ತಿ ಇಳಿದಿರದಾಗಲೇ, ಅವರು ಹೆಂಡತಿಯ ಜೊತೆ ಬಂದರು. ಹೆಂಡತಿ ಮರುದೇವಿಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ತೆಳ್ಳಗಿನ, ಎತ್ತರದ ಹೆಂಗಸು. ದೋಣಿಯಿಂದ ಇಳಿಯುವಾಗ ಗಂಡನೇ ಎಡವಿದರು, ಅವರು ಹಿಡಿದುಕೊಂಡರು. ಒಬ್ಬಳೇ ಮಗಳು ಅನಂತಮತಿ ಹೋಗಿಬಿಟ್ಟಿದ್ದಳು. ಕನ್ಯಾಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳಂತೆ. ಜ್ವರ ಬಂದದ್ದು ಮೆದುಳಿಗೆ ಏರಿತಂತೆ. ಧರಣೇಂದ್ರಯ್ಯನವರು ನನ್ನ ಜಗಲಿಯ ಮೇಲೆ ಕೂತವರು ಎದ್ದೇಳಲಿಲ್ಲ, ನೀರೂ ಮುಟ್ಟಲಿಲ್ಲ. ಕಣ್ಣು ಮುಚ್ಚಿದರೆ ಅವಳೇ, ತೆರೆದರೂ ಅವಳೇ ಅಕ್ಕ, ಎಂದಷ್ಟೇ ಹೇಳಿದರು. ಇಷ್ಟು ವರ್ಷ ಬೇರೆಯವರ ಮುಖ ಕೊಂಡುಹೋದವರು ಈಗ ತಾವೇ ಮೇಣದ ಮುಂದೆ ಕೂರಲು ಬಂದಿದ್ದರು.

ಎರಕದ ಮನೆಯ ಮೌನೇಶಾಚಾರಿಗೆ ಹೊರಗಿನವರಿಗೆ ಎರೆದು ರೂಢಿಯಿರಲಿಲ್ಲ. ಆದರೂ ಇವರಿಗೆ ಇಲ್ಲ ಎನ್ನಲು ಅವನಿಂದ ಆಗಲಿಲ್ಲ. ನಾನು ಇಬ್ಬರನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲೇ ಮರುದೇವಿಯಮ್ಮ ನಿಂತರು.

"ನೀನೂ ಕೂತ್ಕೋ," ಎಂದರು ಧರಣೇಂದ್ರಯ್ಯ. "ಇಬ್ಬರಿಗೂ ಒಂದೇ ಸಲ ಮುಗಿದುಹೋಗ್ಲಿ."

"ನಿಮ್ಮ ಕೈಲಿ ಆಗಲ್ಲ ಅಂದ್ರೆ ನೀವು ಕೂರಿ," ಎಂದರು ಅವರು. "ನಾನು ಇಟ್ಕೋತೀನಿ."

ಅದರಲ್ಲಿ ಕೋಪವಿರಲಿಲ್ಲ. ಭಾರದ ಗಂಟು ಹೊರುವಾಗ ನೀವು ಬಿಡಿ, ನಾನು ತರುತ್ತೇನೆ ಎನ್ನುತ್ತಾರಲ್ಲ, ಹಾಗಿತ್ತು. ಅವರು ಹೊರಗೆ ಕಟ್ಟೆಯ ಮೇಲೆ ನನ್ನ ಜೊತೆ ಕೂತರು. ಒಳಗಿನಿಂದ ಗಂಡನ ದನಿ ಕೇಳುತ್ತಿತ್ತು. ಎಷ್ಟೋ ಕಂಚನ್ನು ನೋಡಿದ ಕಣ್ಣಲ್ಲವೇ, ಮಗಳ ಮುಖವನ್ನು ಅವರು ಹೇಳಿದಂತೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಎಡಗಿವಿಯ ಹತ್ತಿರ ಬಹಳ ಹೊತ್ತು ನಿಂತರು. ಮೇಲಿನ ಅಂಚು ಹುಟ್ಟಿನಿಂದ ಒಳಗೆ ಮಡಿಚಿಕೊಂಡಿತ್ತಂತೆ. ಇಷ್ಟಲ್ಲ, ಇನ್ನೂ ಒಂದು ಕೂದಲೆಳೆ, ಬಸಳೆ ಕುಡಿ ಮುದುರಿದ ಹಾಗೆ, ಎಂದು ಆಚಾರಿಯ ಕೈಲಿ ಮತ್ತೆ ಮತ್ತೆ ತಿದ್ದಿಸಿದರು. ಹೇಳುತ್ತ ಹೇಳುತ್ತ ಬಿಕ್ಕುತ್ತಿದ್ದರು. ಮರುದೇವಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

ಮಣ್ಣು ಒಡೆದ ದಿನ ಮೂವರೂ ಅಂಗಳದಲ್ಲಿದ್ದೆವು. ಆಚಾರಿ ಮುಖ ಒರೆಸಿ ಹಿಂದೆ ಸರಿದ. ಕಾಲು ಮಡಿಚಿ ಕೂತ ಹುಡುಗಿ, ತಲೆ ತುಸು ವಾಲಿಸಿದ್ದಾಳೆ, ಯಾರೋ ಕರೆದರೆ ಓ ಎನ್ನುವ ಹಾಗಿದ್ದಾಳೆ. ಮರುದೇವಿಯಮ್ಮನ ಬಾಯಿಂದ ದನಿಯಲ್ಲದ ದನಿ ಬಂತು. ಧರಣೇಂದ್ರಯ್ಯನವರು ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಸುತ್ತ ಒಂದು ಬಳಸು ಬಂದರು. ಅಷ್ಟು ದಿನ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು.

"ಒಳ್ಳೇ ಕೆಲಸ ಆಚಾರ್ರೇ," ಎಂದರು. "ಎಡಗಿವಿ ಮಾತ್ರ ಸ್ವಲ್ಪ ಕೆಟ್ಟಿದೆ."

ಮೌನೇಶಾಚಾರಿ ನನ್ನ ಮುಖ ನೋಡಿದ. ನಾನು ಮರುದೇವಿಯಮ್ಮನ ಕಡೆ ನೋಡಲಾರದೆ ನೆಲ ನೋಡಿದೆ. ಅದು ತಮ್ಮ ಮಗಳೆಂದು ಧರಣೇಂದ್ರಯ್ಯನವರಿಗೆ ಗೊತ್ತಿರಲಿಲ್ಲವೆಂದಲ್ಲ. ತಿಳಿದಿತ್ತು, ಕಾಣದ ಊರ ಹೆಸರು ತಿಳಿದ ಹಾಗೆ. ಆ ದಿನ ಅವರು ಹೊಟ್ಟೆ ತುಂಬ ಉಂಡರು.

ಮರುವರ್ಷ ಒಬ್ಬರೇ ಬಂದರು. ಮೈ ಕೈ ತುಂಬಿಕೊಂಡಿದ್ದರು, ಗಿರಣಿಗೆ ಹೊಸ ಗಾಣ ಹಾಕಿಸಿದ್ದನ್ನು ಹೇಳಿದರು. ಹೆಂಡತಿಯ ವಿಷಯ ಕೇಳಿದರೆ ಮುಖ ಸಣ್ಣದು ಮಾಡಿಕೊಂಡರು. ಅವಳು ಆ ಕಂಚಿನ ಹತ್ತಿರವೇ ಹಾಸಿಗೆ ಹಾಕಿಕೊಂಡಿದ್ದಾಳೆ, ವರ್ಷವಾಗುತ್ತ ಬಂತು, ಇನ್ನೂ ಅದನ್ನು ಹೆಸರು ಹಿಡಿದು ಕರೆಯುತ್ತಾಳೆ, ಎಂದರು. ಹಾಗಾಗಬಾರದಿತ್ತು ಅಕ್ಕ, ಅಷ್ಟರಲ್ಲಿ ಆ ಮುಖ ಹೋಗಬೇಕಿತ್ತು, ಎಂದವರ ದನಿಯಲ್ಲಿ ಹೆಂಡತಿಯ ಮೇಲಿನ ಮರುಕವೂ ಇತ್ತು, ಕಂಚಿನ ಬಗೆಗಿನ ಅನುಮಾನವೂ ಇತ್ತು. ಅನುಮಾನ ಅವರಿಗೊಬ್ಬರಿಗೇ ಉಳಿಯಲಿಲ್ಲ. ಅವರಂತೆಯೇ ಕಂಚು ಕೂಡಿಸುತ್ತಿದ್ದ ಕಮಲಾಕ್ಷರಾಯರೆಂಬುವರು ಒಮ್ಮೆ ಅವರ ಮನೆಗೆ ಹೋಗಿದ್ದಾಗ, ಇದು ಯಾರ ಮನೆಯದು ಎಂದು ಕೇಳಿದ್ದಕ್ಕೆ ಮರುದೇವಿಯಮ್ಮ ಕಂಚಿನ ತಲೆ ನೇವರಿಸಿ, ಇವಳು ನನ್ನ ಮಗಳು ಎಂದುಬಿಟ್ಟಿದ್ದರು. ಹೆತ್ತ ತಾಯಿಯೇ ಗುರುತು ಹಿಡಿಯುವ ಕಂಚನ್ನು ಧರಣೇಂದ್ರಯ್ಯ ಅಸಲೆಂದು ಇಟ್ಟುಕೊಂಡಿದ್ದಾರೆ ಎಂಬ ಮಾತು ಕೊಳ್ಳುವವರ ನಡುವೆ ಓಡಾಡಿತು. ಅದು ಹೀಗಾದರೆ ಅವರ ನಡುಕೋಣೆಯಲ್ಲಿರುವ ಉಳಿದವೂ ಹೇಗೋ ಏನೋ ಎಂದರು.

ಹಾಗಾಗಿ ಅದರ ಮುಂದಿನ ವರ್ಷ ದೋಣಿಯಲ್ಲಿ ಗಂಡ, ಹೆಂಡತಿ, ಹುಲ್ಲು ಸುತ್ತಿದ ಕಂಚು, ಮೂರೂ ಬಂದವು. ಗುರುತು ಕೇಳಿಸಲು ಧರಣೇಂದ್ರಯ್ಯನವರೇ ಒಪ್ಪಿಕೊಂಡು ಬಂದಿದ್ದರು. ಬೇರೆಯವರಿಗೊಂದು ನಿಯಮ ನನಗೊಂದು ನಿಯಮ ಆಗಲ್ಲ, ನಕಲಿಯಾದರೆ ಕರಗಲಿ, ಎಂದು ಎಲ್ಲರೆದುರು ಹೇಳಿದರಂತೆ. ಕಂಚಿನ ಯಜಮಾನನ ಗುರುತು ಲೆಕ್ಕಕ್ಕಿಲ್ಲ, ಕೊಂಡವನೂ ಕೊಡುವವನೂ ಏನು ಬೇಕಾದರೂ ಹೇಳಬಹುದು. ಕೇಳಬೇಕಾದ್ದು ತಾಯಿಯನ್ನೇ.

ಗುರುತಿಗೆ ಇನ್ನೂ ಒಂದು ದಿನವಿತ್ತು. ಆ ಬೆಳಿಗ್ಗೆ ಗಂಡಸರು ಎರಕದ ಮನೆಗೆ ಹೋದ ಮೇಲೆ ಮರುದೇವಿಯಮ್ಮ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತರು. ನಾನು ಅವರೆಕಾಳು ಹಿಸುಕುತ್ತಿದ್ದೆ, ಅವರೂ ಹಿಸುಕತೊಡಗಿದರು. ನಿಮಗೆ ನಿಜವಾಗಿ ಇನ್ನೂ ಮುಖ ಇದೆಯಾ ಎಂದು ಕೇಳಿದೆ. ಇದೆ ಎಂದರು. ದಿನಾ ಬೆಳಗಾದರೆ ಮನಸ್ಸಿನೊಳಗೆ ಅವಳನ್ನು ಒಮ್ಮೆ ಪೂರ್ತಿ ನೋಡಿಕೊಂಡೇ ಕಂಚಿನ ಕಡೆ ತಿರುಗುತ್ತಿದ್ದರಂತೆ. ಮೊದಮೊದಲು ಅದು ಎಳೆಯುವುದು ಗೊತ್ತಾಗುತ್ತಿತ್ತಂತೆ, ಬಾವಿಯಲ್ಲಿ ತುಂಬಿದ ಕೊಡ ಹಗ್ಗ ಎಳೆದ ಹಾಗೆ. ಇವರು ಬಿಡಲಿಲ್ಲ. ಇಂಥದ್ದು ನಮ್ಮೂರಲ್ಲಿ ಯಾರಿಗೂ ಆಗಿದ್ದು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಮೌನೇಶಾಚಾರಿ ಬಂದ. ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಮರುದೇವಿಯಮ್ಮನ ಮುಖ ನೋಡದೆ ಹೇಳಿದ: "ಕುಲುಮೆಗೆ ಇದ್ದಿಲು ತುಂಬ್ಸಿದಾರೆ ತಾಯಿ. ಎರೆದ ಕೈಯೇ ಕರಗಿಸ್ಬೇಕು ಅನ್ನೋದು ಇಲ್ಲಿ ನಿಯಮ. ಇದೊಂದು ನನ್ನ ಕೈಲಿ ಮಾಡಿಸ್ಬೇಡಿ."

ಅವನು ಹೋದ ಮೇಲೆ ಇಬ್ಬರೂ ಮತ್ತೆ ಕಾಳು ಹಿಸುಕಿದೆವು. ಕಡೆಗೆ ನಾನೇ, ನಿಮ್ಮ ಯಜಮಾನರ ಹತ್ತಿರ ಇದ್ದದ್ದು ಇದ್ದಹಾಗೆ ಹೇಳಿಬಿಡಿ ಎಂದೆ. ಅವರು ಆಗದೆಂದು ತಲೆಯಾಡಿಸಿದರು. "ಅವರು ಸುಳ್ಳು ಹೇಳೋರಲ್ಲ ಅಕ್ಕ. ನನಗೆ ಇನ್ನೂ ಗುರುತಿದೆ ಅಂತ ತಿಳಿದ್ರೆ ತಾವೇ ಹೋಗಿ ಕರಗಿಸಿ ಅಂತಾರೆ. ಹಿಂದಾಗಿದ್ರೆ ಮಗಳು ಅಂತ ಹಿಂಜರೀತಿದ್ರು. ಈಗ ಅವರಿಗೆ ಅವಳು ಯಾರು?"

ಆಮೇಲೆ ಕೈಯಲ್ಲಿದ್ದ ಕಾಳು ಬೋಗುಣಿಗೆ ಹಾಕಿ, ನನ್ನ ಅಪ್ಪನ ಕಡೆ ಬೆರಳು ತೋರಿಸಿ, ಅದು ಯಾರು ಎಂದು ಕೇಳಿದರು. ಹೇಳಿದೆ. ನಿಮಗೆ ಒಂಚೂರೂ ಗುರುತಿಲ್ಲವಾ ಎಂದರು. ಇಲ್ಲ ಎಂದೆ.

"ಹಾಗಾದ್ರೆ ಎದ್ದು ಅದರ ಮುಂದೆ ನಿಂತ್ಕೊಳ್ಳಿ ಅಕ್ಕ," ಎಂದರು. "ಗೊತ್ತಿಲ್ಲದವರು ಹೇಗೆ ನೋಡ್ತಾರೆ ಅಂತ ನಾನು ನೋಡ್ಬೇಕು."

ನಾನು ಎದ್ದೆ. ಅಪ್ಪನ ಬೆರಳಿನಿಂದ ಜರಡಿ ತೆಗೆದೆ, ಹೆಗಲ ಮೇಲಿನ ಬಟ್ಟೆ ತೆಗೆದೆ, ಎದುರಿಗೆ ನಿಂತೆ. ಮರುದೇವಿಯಮ್ಮ ಪಕ್ಕದಲ್ಲಿ ನಿಂತು ನನ್ನ ಮುಖ ನೋಡತೊಡಗಿದರು. ನಾನು ಮೂಗು ನೋಡಿದೆ, ಮೀಸೆ ನೋಡಿದೆ, ಕೆಳತುಟಿ ನೋಡಿದೆ. ಹುಟ್ಟಿದಾರಭ್ಯ ಆ ಅಡುಗೆಮನೆಯಲ್ಲೇ ಇದ್ದೂ ಅಷ್ಟು ಹೊತ್ತು ನಾನು ಆ ಮುಖ ನೋಡಿರಲಿಲ್ಲ. ಏನಾದರೂ ಬರಬಹುದೇನೋ ಎಂದು ಒಳಗೊಳಗೇ ಕಾದೆ. ಏನೂ ಬರಲಿಲ್ಲ. ಸಂತೆಯಲ್ಲಿ ಎದುರು ಬಂದ ಯಾರನ್ನೋ ನೋಡಿದ ಹಾಗೇ ಇತ್ತು. ಕಣ್ಣು ತಾನಾಗಿ ಮುಖದಿಂದ ಜಾರಿ ತೋಳಿಗೆ, ಅಲ್ಲಿಂದ ಮೊಣಕಾಲಿನ ಮೇಲೆ ಕೂತ ಹಿಟ್ಟಿನ ಧೂಳಿಗೆ ಹೋಯಿತು.

"ಹ್ಞಾ," ಎಂದರು ಮರುದೇವಿಯಮ್ಮ ಮೆಲ್ಲಗೆ. "ಕಣ್ಣು ನಿಲ್ಲಲ್ಲ. ಅಷ್ಟೇ ಅಲ್ವಾ? ಮುಖದಲ್ಲಿ ನಿಲ್ಲಲ್ಲ."

ಆಮೇಲೆ ಅವರು ನನ್ನ ಜಾಗದಲ್ಲಿ ನಿಂತು ಹಾಗೇ ನೋಡಿದರು. ಸರಿಯಾಯಿತೇ ಎಂದು ಕೇಳಿದರು. ಮತ್ತೊಮ್ಮೆ ಮಾಡಿದರು. ಪಾತ್ರೆಗೆ ನೀರು ಎಷ್ಟು ಎಂದು ಕೇಳಿ ಕಲಿಯುವ ಹೊಸ ಸೊಸೆಯಂತೆ ಕಲಿತರು. ನಾನು ಸರಿಯಾಯಿತು ಎಂದೆ. ಹೇಳಿ, ಸೆರಗಿನಿಂದ ಅಪ್ಪನ ಮೊಣಕಾಲಿನ ಹಿಟ್ಟು ಒರೆಸಿದೆ. ಅದು ಅವರಿಗಾಗಿಯೋ ಅಪ್ಪನಿಗಾಗಿಯೋ ನನಗೆ ಹೇಳಲು ಬರುವುದಿಲ್ಲ.

ಮರುದಿನ ಅಂಗಳ ತುಂಬಿತ್ತು. ಕೊಳ್ಳುವವರು ಜಮಖಾನದ ಮೇಲೆ, ಊರವರು ಗೋಡೆಯ ಸುತ್ತ. ಕುಲುಮೆ ಹೊತ್ತಿಸಿದ್ದರು, ಅದರ ಪಕ್ಕ ಮೌನೇಶಾಚಾರಿ ಇಕ್ಕಳ ಹಿಡಿದು ನಿಂತಿದ್ದ. ಬಟ್ಟೆ ಸರಿಸಿದ್ದು ಕಮಲಾಕ್ಷರಾಯರು. ಮೆತ್ತಗಿನ ಮಾತಿನ, ಚುರುಕು ಕಣ್ಣಿನ ಮನುಷ್ಯ.

"ಇವರು ಯಾರು ಅಂತ ಗೊತ್ತಾ ಅಮ್ಮ?"

ಮರುದೇವಿಯಮ್ಮ ನೋಡಿದರು. ಕಣ್ಣು ಮುಖದಲ್ಲಿ ನಿಲ್ಲಲಿಲ್ಲ. ಭುಜಕ್ಕೆ ಹೋಯಿತು, ಸೀರೆಯ ನೆರಿಗೆಗೆ ಹೋಯಿತು. "ಇಲ್ಲ," ಎಂದರು.

ಹೋದ ವರ್ಷ ಮಗಳು ಎಂದಿದ್ದಿರಲ್ಲ ಎಂದು ರಾಯರು ಕೇಳಿದರು. ಆಗ ಗೊತ್ತಿದ್ದಿರಬಹುದು, ಈಗ ಹೋಗಿದೆ, ಎಂದರು. ರಾಯರು ಅಷ್ಟಕ್ಕೆ ಬಿಡಲಿಲ್ಲ. ಲೋಹದ ನಾದ ಕೇಳಲು ಇಟ್ಟುಕೊಳ್ಳುವ ಸಣ್ಣ ಸುತ್ತಿಗೆ ತೆಗೆದು ಕಂಚಿನ ಹಣೆಗೆ ಹೊಡೆದರು. ಠಣ್ ಎಂದಿತು. ಕೆನ್ನೆಗೆ ಹೊಡೆದರು. ಮೂಗಿನ ತುದಿಗೆ, ಬೇಕೆಂದೇ ತುಸು ಜೋರಾಗಿ, ಹೊಡೆದರು. ಗೋಡೆಯ ಬಳಿ ನಿಂತಿದ್ದ ತಿಮ್ಮಕ್ಕ ಕಣ್ಣು ಮುಚ್ಚಿಕೊಂಡಳು. ಮರುದೇವಿಯಮ್ಮನ ರೆಪ್ಪೆ ಅಲುಗಲಿಲ್ಲ. ನಾನು ಅವರ ಹಿಂದೆಯೇ ನಿಂತಿದ್ದೆ. ಸೆರಗಿನೊಳಗೆ ಒಂದು ಕೈ ಇನ್ನೊಂದು ಕೈಯ ಬೆರಳನ್ನು ಹಿಂದಕ್ಕೆ ಬಗ್ಗಿಸುತ್ತಿತ್ತು, ಮುರಿಯುವ ಹಾಗೆ.

"ಹೇಗಿದೆ ಕೆಲಸ, ನಿಮಗೆ ಏನನ್ಸುತ್ತೆ?" ಎಂದು ಕೇಳಿದರು ರಾಯರು.

ಅವರು ತುಸು ಬಗ್ಗಿ ಪಕ್ಕದಿಂದ ನೋಡಿದರು. ಆಮೇಲೆ, "ಎಡಗಿವಿ ಕೆಟ್ಟಿದೆ," ಎಂದರು.

ರಾಯರು ಸುತ್ತಿಗೆ ಕೆಳಗಿಟ್ಟರು. ಅಸಲು ಎಂದರು. ಜಮಖಾನದ ಮೇಲಿದ್ದವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಮೌನೇಶಾಚಾರಿ ಇಕ್ಕಳ ಗೋಡೆಗೊರಗಿಸಿ ಕುಲುಮೆಗೆ ನೀರು ಹೊಯ್ದ. ಧರಣೇಂದ್ರಯ್ಯನವರು ಹೆಂಡತಿಯ ಹತ್ತಿರ ಬಂದರು. ಅವರ ಕಣ್ಣಲ್ಲಿ ನೀರಿತ್ತು.

"ನಿನಗೂ ಹೋಯ್ತಾ?" ಎಂದರು. "ಸದ್ಯ. ನೀನೊಬ್ಬಳೇ ಹೊರ್ತಿದ್ದೀಯಲ್ಲ ಅಂತ ನನಗೆ ಎಷ್ಟು ಸಂಕಟ ಆಗ್ತಿತ್ತು ಗೊತ್ತಾ?"

ಅವರು ನಿಜವನ್ನೇ ಹೇಳುತ್ತಿದ್ದರು. ಮರುದೇವಿಯಮ್ಮ ಹ್ಞೂ ಎಂದರು.

ಅದು ಅಲ್ಲಿಗೆ ಮುಗಿಯುತ್ತದೆ, ಕಂಚನ್ನು ಮತ್ತೆ ಹುಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಹೋಗುತ್ತಾರೆ ಎಂದು ನಾನು ಎಣಿಸಿದ್ದೆ. ಮರುದೇವಿಯಮ್ಮನೂ ಹಾಗೇ ಎಣಿಸಿದ್ದರು. ಊಟದ ಹೊತ್ತಿಗೆ ಕಮಲಾಕ್ಷರಾಯರು ಬಂದು ಧರಣೇಂದ್ರಯ್ಯನವರ ಪಕ್ಕ ಕೂತರು. ತಮ್ಮಲ್ಲಿ ನಮ್ಮೂರದೇ ಒಂದು ಹಳೆಯ ಕಂಚಿದೆ, ಮೊರ ಹಿಡಿದು ಕೂತ ಮುದುಕಿ, ನೀವು ಎಷ್ಟೋ ಸಲ ಕೇಳಿದ್ದಿರಿ, ಅದನ್ನು ಕೊಡುತ್ತೇನೆ, ಈ ಹುಡುಗಿಯನ್ನು ಕೊಡಿ ಎಂದರು. ಧರಣೇಂದ್ರಯ್ಯನವರು ಕೂಡಲೇ ಒಪ್ಪಲಿಲ್ಲ. ಅದು ಮಗಳದೆಂದು ಅವರಿಗೆ ತಿಳಿದಿತ್ತಲ್ಲ. ತುತ್ತು ಕೈಯಲ್ಲೇ ಇಟ್ಟುಕೊಂಡು ಯೋಚಿಸಿದರು. ಆಮೇಲೆ ಬಡಿಸುತ್ತಿದ್ದ ಹೆಂಡತಿಯನ್ನು ಕರೆದು ಕೇಳಿದರು. ನಮಗಿಬ್ಬರಿಗೂ ಗುರುತಿಲ್ಲದ ಮೇಲೆ ಅದು ನಮ್ಮ ಮನೆಯಲ್ಲಿದ್ದರೇನು, ಅವರ ಮನೆಯಲ್ಲಿದ್ದರೇನು, ನೀನು ಏನಂತೀಯ, ಎಂದರು.

ಮರುದೇವಿಯಮ್ಮನ ಕೈಯಲ್ಲಿ ಸಾರಿನ ಸೌಟಿತ್ತು. ಬೇಡ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಕಮಲಾಕ್ಷರಾಯರು ಎಲೆಯಿಂದ ತಲೆಯೆತ್ತಿ ಅವರನ್ನೇ ನೋಡುತ್ತಿದ್ದರು. ಕುಲುಮೆಯ ಕಾವು ಇನ್ನೂ ಆರಿರಲಿಲ್ಲ.

"ನಿಮ್ಮಿಷ್ಟ," ಎಂದರು ಅವರು, ರಾಯರ ಎಲೆಗೆ ಸಾರು ಬಡಿಸಿದರು.

ಕಂಚು ಸುತ್ತುವುದು ನಮ್ಮೂರಲ್ಲಿ ಹೆಂಗಸರ ಕೆಲಸ. ಆ ಮಧ್ಯಾಹ್ನ ನನ್ನ ಪಡಸಾಲೆಯಲ್ಲಿ ನಾನೂ ಮರುದೇವಿಯಮ್ಮನೂ ಸುತ್ತಿದೆವು. ಹೊರಗೆ ಜಗಲಿಯಲ್ಲಿ ರಾಯರ ಆಳುಗಳು ಕಾಯುತ್ತಿದ್ದರು, ಬಾಗಿಲು ತೆರೆದೇ ಇತ್ತು. ಕಾಲಿನಿಂದ ಶುರುಮಾಡಿ ಹುಲ್ಲಿನ ಹಗ್ಗ ಬಿಗಿಯುತ್ತ ಬಂದೆವು. ಕತ್ತಿನ ತನಕ ಬಂದಾಗ ನಾನು ಕೈ ನಿಲ್ಲಿಸಿದೆ, ಆಳುಗಳಿಗೆ ಅಡ್ಡವಾಗುವಂತೆ ಬಾಗಿಲ ಕಡೆ ಸರಿದು ನಿಂತೆ. ಅವರು ಆ ಅವಕಾಶ ತೆಗೆದುಕೊಳ್ಳಲಿಲ್ಲ. ಮುಟ್ಟಲಿಲ್ಲ, ಮುತ್ತಿಡಲಿಲ್ಲ. ಹಳೆಯ ಪಂಚೆಯೊಂದನ್ನು ನಾಲ್ಕಾಗಿ ಮಡಿಚಿ ಮುಖದ ಮೇಲಿಟ್ಟು, ಹಗ್ಗ ಕೊಡಿ ಅಕ್ಕ ಎಂದರು. ದೋಣಿಗೆ ಸಾಗಿಸುವಾಗ ಹೊರಗೂ ಬರಲಿಲ್ಲ. ಧರಣೇಂದ್ರಯ್ಯನವರು ಆ ಹೊತ್ತಿಗೆ ಮೊರದ ಮುದುಕಿಯ ವಿಷಯ ನನಗೆ ಹೇಳುತ್ತಿದ್ದರು. ಅವಳ ಮುಂಗೈ ನರ ಒಂದೊಂದೂ ಕಾಣುತ್ತವಂತೆ.

ಮುಂದಿನ ವರ್ಷ ಕೊಳ್ಳುವವರ ಕಾಲ ಕಳೆದು, ಊರು ಖಾಲಿಯಾದ ಮೇಲೆ, ಮರುದೇವಿಯಮ್ಮ ಒಬ್ಬರೇ ಬಂದರು. ಗಂಡನಿಗೆ ತವರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದರು. ಊಟ ಬೇಡವೆಂದರು, ಎರಕದ ಮನೆಗೆ ಕರೆದುಕೊಂಡು ಹೋಗಿ ಎಂದರು. ದಾರಿಯಲ್ಲಿ ಹೆಚ್ಚೇನೂ ಮಾತಾಡಲಿಲ್ಲ. ಕಮಲಾಕ್ಷರಾಯರ ಊರಿಗೆ ಒಮ್ಮೆ ಹೋಗಿದ್ದರಂತೆ. ಕಂಚುಗಳನ್ನು ನೋಡಲು ಬರುವವರ ಜೊತೆ ಸಾಲಿನಲ್ಲಿ ನಿಂತು, ಅವರೆಲ್ಲ ನಿಂತಷ್ಟೇ ಹೊತ್ತು ಅದರ ಮುಂದೆ ನಿಂತು ಬಂದರಂತೆ. ಮತ್ತೆ ಹೋಗಲಿಲ್ಲವಂತೆ.

ಮೌನೇಶಾಚಾರಿ ಬಾಗಿಲ ಕೀಲೊಂದನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದ. ಇವರನ್ನು ಕಂಡು ಎದ್ದು ನಿಂತ. ಮರುದೇವಿಯಮ್ಮ ಪೀಠಿಕೆಯಿಲ್ಲದೆ, ನಾನು ಕೂರಬೇಕು ಎಂದರು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆ ತಗ್ಗಿಸಿದ. "ಒಂದು ಮುಖ ಒಂದೇ ಸಲ ಎರಕಕ್ಕೆ ಬರೋದು ತಾಯಿ. ಮತ್ತೆ ಎರೆದ್ರೆ ಅದು ಬರೀ ಬೊಂಬೆ. ನಿಮ್ಮಿಂದ ಏನೂ ಹೋಗಲ್ಲ."

"ಅವತ್ತು ನಾನೂ ಅವರ ಜೊತೆ ಕೂತಿದ್ರೆ?"

"ಹೋಗ್ತಿತ್ತು."

ಅವರು ಗೋಡೆಗೆ ಒರಗಿದರು. ಯಾಕಮ್ಮ, ಇಷ್ಟು ಕಾಲ ಬಿಡದೆ ಹಿಡಿದುಕೊಂಡವರು ಈಗ ಯಾಕೆ, ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಅವಳ ಮುಖ ಒಂದೇ ಬರಲ್ಲ ಅಕ್ಕ ಈಗ," ಎಂದರು. "ಬಂದಾಗಲೆಲ್ಲ ಅಂಗಳದಲ್ಲಿ ನಾನಾಡಿದ ಮಾತೂ ಜೊತೆಗೇ ಬರುತ್ತೆ. ಅವಳು ಕೇಳಿಸ್ಕೊಂಡ ಹಾಗೇ ಇರ್ತಾಳೆ."

ಹೊರಗೆ ಯಾರದೋ ಮನೆಯಲ್ಲಿ ಒನಕೆ ಬೀಳುವ ಸದ್ದು ಬರುತ್ತಿತ್ತು. ಮೌನೇಶಾಚಾರಿ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಕಮಲಾಕ್ಷರಾಯರ ಮನೆಯಿಂದ ಕಂಚು ಹಿಂದಕ್ಕೆ ಬರುವುದಿಲ್ಲ, ಬಂದರೂ, ಗುರುತಿಲ್ಲ ಎಂದುಬಿಟ್ಟ ಮೇಲೆ ಇವರು ಅದರ ಹತ್ತಿರ ಕೂರುವಂತಿಲ್ಲ. ಹೀಗೆ ಮುಚ್ಚಿದ ಬಾಗಿಲನ್ನೆಲ್ಲ ಒಂದೊಂದಾಗಿ ಮೂವರೂ ಮನಸ್ಸಿನಲ್ಲೇ ತಳ್ಳಿ ನೋಡುತ್ತ ನಿಂತಿದ್ದೆವು.

"ಹೋಗದಿದ್ರೆ ಬೇಡ," ಎಂದರು ಮರುದೇವಿಯಮ್ಮ ಕಡೆಗೆ. "ಅವಳ ಮುಖ ಹೇಗಿತ್ತು ಅಂತ ಸುಮ್ನೆ ಹೇಳ್ಲಾ? ನೀವಾದ್ರೂ ಒಂದ್ಸಲ ಕೇಳಿದ್ದೀರಿ, ನಮ್ಮ ಯಜಮಾನ್ರ ಬಾಯಲ್ಲಿ."

ಆಚಾರಿ ಮಣೆ ಸರಿಸಿಕೊಟ್ಟ. ಅವರು ಕೂತರು. ಅವನೂ ಎದುರಿಗೆ ಕೂತ, ಮೇಣ ಮುಟ್ಟಲಿಲ್ಲ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ನಾನು ಮನೆಗೆ ಬಂದು ಒಲೆ ಹೊತ್ತಿಸಿದೆ, ಅನ್ನಕ್ಕಿಟ್ಟೆ, ಬಸಿದೆ, ಅದು ಆರಿಯೂ ಹೋಯಿತು. ಕೊನೆಯ ದೋಣಿಗೆ ಹೊತ್ತಾಯಿತೆಂದು ಕರೆಯಲು ಹೋದೆ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತ್ತು. ಮರುದೇವಿಯಮ್ಮ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, ಆಚಾರಿ ಹ್ಞೂಗುಡುತ್ತಿದ್ದ. ಅವರಿನ್ನೂ ಹುಬ್ಬಿನ ಹತ್ತಿರವೇ ಇದ್ದರು.